ಇನ್ನೂರಕ್ಕೆ ಇಳಿಯದ ಗಾಳಿ

ಹೂಂ ಎನ್ನುವ ಆ ದನಿ ಮಾಳಿಗೆಯ ಮೇಲಿಂದ ಇಳಿದು ಬಂದು ಅಡಿಗೆಮನೆಯ ಹಿತ್ತಾಳೆ ಡಬ್ಬಿಗಳನ್ನು ಸಣ್ಣಗೆ ನಡುಗಿಸುತ್ತಿತ್ತು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರಕ್ಕೆ ಶುರುವಾದರೆ ಮರುದಿನ ಬೆಳಿಗ್ಗೆ ಆರರ ತನಕ ಅದು ನಿಲ್ಲುತ್ತಿರಲಿಲ್ಲ. ಮೊದಲ ತಾಸು ದುಂಬಿಯ ದನಿ. ಹೊತ್ತೇರಿದಂತೆ ಗಾಳಿ ಅಳೆಯುವ ಯಂತ್ರದೊಳಗಿನ ಬಿಳಿ ಕಾಗದಕ್ಕೆ ಮಸಿ ಮೆತ್ತಿಕೊಳ್ಳುತ್ತ, ಗಾಳಿ ಎಳೆಯುವುದು ಕಷ್ಟವಾಗುತ್ತ, ದನಿ ತೆಳ್ಳಗಾಗಿ ಮೇಲೇರುತ್ತಿತ್ತು. ಸಂಜೆಯ ಹೊತ್ತಿಗೆ ಅದು ಸಿಳ್ಳಿನಂತಾಗಿರುತ್ತಿತ್ತು. ಕಾಗದವನ್ನು ತೂಗಿ ಅಂಕಿ ಹೇಳುವುದಕ್ಕೆ ಹತ್ತು ದಿನ ಬೇಕು. ಸಿದ್ದಲಿಂಗಪ್ಪನಿಗೆ ದನಿ ಕೇಳಿದರೆ ಸಾಕು, ಅಂದಿನ ಗಾಳಿ ಎಂಥದೆಂದು ತಿಳಿಯುತ್ತಿತ್ತು. ದುಂಬಿ ಸಿಳ್ಳಾಗುವುದನ್ನು ಅವನು ಯಂತ್ರ ಬರುವ ಮೊದಲೇ ಕೇಳಿ ಬಲ್ಲವನಾಗಿದ್ದ, ಮಗಳು ಮಾಧುರಿಯ ಎದೆಯಲ್ಲಿ.

ಸಿದ್ದಲಿಂಗಪ್ಪ ಇಂಡಿ ತಾಲೂಕಿನವನು. ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಇಪ್ಪತ್ತೊಂದನೆಯ ವಯಸ್ಸಿಗೆ ಪುಣೆಗೆ ಬಂದು, ಹಡಪಸರದ ಒಂದು ಲಾರಿ ಕಚೇರಿಯಲ್ಲಿ ಕಾರಕೂನನಾಗಿ ಸೇರಿದವನು ಅಲ್ಲೇ ಉಳಿದ. ಬಂದ ಮಾಲು, ಹೋದ ಮಾಲು, ಲಾರಿಯ ನಂಬರು, ಚಾಲಕನ ಸಹಿ, ಕೊನೆಗೆ ಷರಾ. ಚೀಲ ಹರಿದಿದ್ದರೆ ಹರಿದಿದೆ, ತೊಯ್ದಿದ್ದರೆ ತೊಯ್ದಿದೆ ಎಂದು ಷರಾದಲ್ಲಿ ಬರೆಯಬೇಕು. ಷರಾ ಖಾಲಿ ಬಿಡುವ ಕಾರಕೂನ ಏನನ್ನೋ ಮುಚ್ಚಿಡುತ್ತಿದ್ದಾನೆಂದೇ ಅರ್ಥ ಎಂದು ಅವನಿಗೆ ಕೆಲಸ ಕಲಿಸಿದ ಮುದಿ ಹೆಡ್‌ಕ್ಲಾರ್ಕ್ ಹೇಳಿದ್ದ. ಏನೂ ಆಗದ ದಿನ ಅವನು ‘ಏನೂ ಇಲ್ಲ’ ಎಂದು ಬರೆಯುತ್ತಿದ್ದ. ಅದರ ಕೆಳಗೆ ಸಣ್ಣ ಸಹಿ.

ಮನೆಯ ಹಿಂದಿನ ಬಯಲಿನಾಚೆ ಭಟ್ಟಿ ಬಂದದ್ದು ತೊಂಬತ್ತೆರಡರಲ್ಲಿ. ಗುಜರಿ ಕಬ್ಬಿಣ ಕರಗಿಸುವ ಭಟ್ಟಿ. ಉರಿಗೆ ಹಳೆಯ ಟೈರು, ಲಾರಿಗಳ ಸುಟ್ಟ ಎಣ್ಣೆ. ಅದರ ಹೊಗೆ ಮೇಲೆ ಹೋಗುವ ಹೊಗೆಯಲ್ಲ. ಗೋಡೆ ಹಿಡಿದುಕೊಂಡು ನಡೆಯುವ ಹೊಗೆ. ಒಣಹಾಕಿದ ಧೋತರದ ಮೇಲೆ ಇರುವೆ ಸಾಲಿನಂತೆ ಮಸಿ ಕೂತಿರುತ್ತಿತ್ತು. ಹೆಂಡತಿ ಶಿವಗಂಗವ್ವ ಜೋಳದ ಹಿಟ್ಟನ್ನು ಎರಡು ಸಲ ಬಟ್ಟೆಯಿಂದ ಮುಚ್ಚಿಡುತ್ತಿದ್ದಳು. ಆದರೂ ರೊಟ್ಟಿ ಬೂದುಬಣ್ಣಕ್ಕೇ ತಿರುಗುತ್ತಿತ್ತು. ಮಾಧುರಿ ಆಗ ಏಳು ವರ್ಷದವಳು. ಒಂಬತ್ತಕ್ಕೆ ಬಂದಾಗ ಅವಳು ಶಾಲೆಯ ಮೆಟ್ಟಿಲಲ್ಲಿ ಮೂರು ಕಡೆ ಕೂತು ಹೋಗುತ್ತಿದ್ದಳು. ಡಾಕ್ಟರರು ಔಷಧದ ಚೀಟಿ ಬರೆದು, ಪೆನ್ನು ಮುಚ್ಚಿ, “ಇದು ನನ್ನ ಕೈಯಲ್ಲಿರೋದು. ಗಾಳಿ ನನ್ನ ಕೈಯಲ್ಲಿಲ್ಲ. ಜಾಗ ಬದಲಿಸಿ” ಎಂದರು.

ಮನೆ ಮಾರಲು ನೋಡಿದ. ನೋಡಲು ಬಂದವರು ಮಾಳಿಗೆ ಹತ್ತಿ, ಹಿಂದೆ ತಿರುಗಿ ನೋಡಿ, ಚಹವನ್ನೂ ಕುಡಿಯದೆ ಇಳಿದರು. ಕೊನೆಗೆ ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಶಿವಗಂಗವ್ವ ದೌಂಡಕ್ಕೆ, ತನ್ನ ಅಕ್ಕನ ಮನೆಗೆ ಹೋದಳು. ಅಕ್ಕನ ಗಂಡ ರೈಲ್ವೆಯಲ್ಲಿದ್ದ. ಎರಡು ತಿಂಗಳೆಂದು ಹೋದದ್ದು. ಎರಡು ತಿಂಗಳಲ್ಲಿ ಹುಡುಗಿ ಸ್ಟೇಶನ್ನಿನ ಮೇಲ್ಸೇತುವೆಯನ್ನು ಓಡಿ ಹತ್ತತೊಡಗಿದಳು. ಜೂನ್‌ನಲ್ಲಿ ಮನೆಗೆ ಮರಳಿದ ಮೂರನೆಯ ದಿನ ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಯಿತು. ಅದೇ ಮಧ್ಯಾಹ್ನದ ಗಾಡಿಗೆ ತಾಯಿ ಮಗಳು ವಾಪಸು ಹೋದರು. ಸಿದ್ದಲಿಂಗಪ್ಪ ನೌಕರಿಗಾಗಿ ಉಳಿದ. ಅವತ್ತಿನಿಂದ ಆ ಮನೆಯಲ್ಲಿ ಅವನು ಒಬ್ಬನೇ. ಶಿವಗಂಗವ್ವನ ರೊಟ್ಟಿಯ ಹಂಚನ್ನು ಗೂಟಕ್ಕೆ ತೂಗುಹಾಕಿ, ಖಾನಾವಳಿಯ ಡಬ್ಬಿ ಹಚ್ಚಿಕೊಂಡ.

ಭಟ್ಟಿಯ ವಿರುದ್ಧ ಸಮಿತಿ ಕಟ್ಟಿದವರು ಪಂಢರಿನಾಥ ಮಾಸ್ತರರು. ನಿವೃತ್ತರಾದ ರಸಾಯನಶಾಸ್ತ್ರದ ಮಾಸ್ತರರು, ಹುಟ್ಟೂರು ಸೊಲ್ಲಾಪುರ. ಕನ್ನಡವನ್ನು ಮನೆಮಾತಿನಂತೆ ಆಡುತ್ತಿದ್ದರು. ಅದರ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹನ್ನೊಂದು ಜನರ ಸಮಿತಿ ಮಾಲಿನ್ಯದ ಮಂಡಳಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟಿತು. ಅಂಕಿಅಂಶವಿಲ್ಲದೆ ಏನೂ ಮಾಡಲಾಗದು ಎಂದು ಮಂಡಳಿ ಉತ್ತರ ಬರೆಯಿತು. ಮಾಸ್ತರರು ತಮ್ಮ ಹಳೆಯ ಕಾಲೇಜಿನ ಮೂಲೆಯಲ್ಲಿ ಬಿದ್ದಿದ್ದ ಗಾಳಿ ಅಳೆಯುವ ಯಂತ್ರವನ್ನು ಬೇಡಿ ತಂದರು. ತಗಡಿನ ಪೆಟ್ಟಿಗೆ, ಮೇಲೆ ಗುಡಿಯ ಶಿಖರದಂಥ ಮುಚ್ಚಳ. ಅದಕ್ಕೆ ಹೊಗೆಯ ದಾರಿಯಲ್ಲಿ ಒಂದು ಮಾಳಿಗೆ ಬೇಕಿತ್ತು. ಒಂದು ದಿನವೂ ತಪ್ಪಿಸದ ಒಬ್ಬ ಮನುಷ್ಯ ಬೇಕಿತ್ತು.

“ಇದನ್ನ ನಡುವ ನಿಲ್ಲಿಸಬಾರದು ನೋಡು, ಸಿದ್ದಲಿಂಗಪ್ಪಾ,” ಎಂದರು ಮಾಸ್ತರರು ಯಂತ್ರವನ್ನು ಮಾಳಿಗೆಯ ಮೇಲೆ ಕೂರಿಸಿದ ದಿನ. “ಇಪ್ಪತ್ನಾಕು ತಾಸು ಅಂದ್ರ ಇಪ್ಪತ್ನಾಕು ತಾಸು. ಕಾಗದಾ ಅಂಚು ಹಿಡದು ಎತ್ತಬೇಕು. ಬೀಡಿ ಸೇದೋರನ್ನ ಮ್ಯಾಲ ಬಿಡಬ್ಯಾಡ.”

“ನಮ್ಮ ಮನ್ಯಾಗ ಬೀಡಿ ಸೇದೋರು ಯಾರದಾರ್ರಿ ಸರ? ನಾ ಒಬ್ಬನ ಇರಾಂವ.”

“ಹಂಗಾರ ನೀನೂ ಸೇದಬ್ಯಾಡ. ಈ ವಹಿಯೊಳಗ ತಾರೀಖು, ಟೈಮು, ಎಲ್ಲಾ ಬರಿ. ಏನರ ವಿಶೇಷ ಇದ್ರ ಷರಾದಾಗ ಬರಿ.”

“ಷರಾ ಕನ್ನಡದಾಗ ಬರದ್ರ ನಡೀತದೇನ್ರಿ? ಮರಾಠಿ ನನಗ ಆಫೀಸಿಂದಷ್ಟ ಬರತದ.”

“ಬರಿ ಬರಿ. ಬೇಕಾದಾಗ ನೀನ ಓದಿ ಹೇಳಿದ್ರಾತು.”

ಬೇಕಾಗಲೇ ಇಲ್ಲ. ಅಂಕಿಗಳು ಇಂಗ್ಲಿಷಿನಲ್ಲಿದ್ದವು, ಮಾಸ್ತರರಿಗೆ ಬೇಕಾದದ್ದು ಅವು. ಕಾಗದಗಳು ಕಾಲೇಜಿಗೆ ಹೋಗಿ ತೂಕವಾಗಿ ಬರುತ್ತಿದ್ದವು. ಮೂರು ವರ್ಷ ಸಿದ್ದಲಿಂಗಪ್ಪ ಒಂದು ಸೋಮವಾರವನ್ನೂ, ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಡಿ ಧೋತರ ಉಟ್ಟೇ ಮಾಳಿಗೆ ಹತ್ತುತ್ತಿದ್ದ. ಹೊಸ ಕಾಗದ ಇಡುವಾಗ ಉಸಿರು ಹಿಡಿಯುತ್ತಿದ್ದ. ಮರುದಿನ ಅದನ್ನು ತೆಗೆದಾಗ ಬಿಳಿಯದೆಲ್ಲ ಕರಿಯದಾಗಿರುತ್ತಿತ್ತು. ಅಂಚಿನ ಸುತ್ತ ಮಾತ್ರ ಒಂದು ಬೆರಳಗಲ ಬಿಳುಪು ಉಳಿದಿರುತ್ತಿತ್ತು. ಆ ಬಿಳುಪನ್ನು ನೋಡಿದಾಗೆಲ್ಲ ಅವನಿಗೆ ಮಗಳು ನೆನಪಾಗುತ್ತಿದ್ದಳು.

ರವಿವಾರ ಹಡಪಸರದಿಂದ ದೌಂಡಕ್ಕೆ ಶಟಲ್ ಗಾಡಿ. ಮಾಧುರಿ ಮೇಲ್ಸೇತುವೆಯ ಮೇಲೆ ಕಾಯುತ್ತಿದ್ದಳು. ಇಳಿದವನ ಕೈಚೀಲ ನೋಡುತ್ತಿರಲಿಲ್ಲ, ಮುಖ ನೋಡುತ್ತಿರಲಿಲ್ಲ. ಮೊದಲ ಮಾತೇ ಅದು.

“ಎಷ್ಟಪ್ಪಾ?”

“ಐದನೂರಾ ಹನ್ನೆರಡು.”

ಮನುಷ್ಯರು ವಾಸಿಸುವ ಜಾಗದಲ್ಲಿ ಗಾಳಿಯೊಳಗಿನ ಧೂಳು-ಮಸಿಯ ಅಂಕಿ ಇನ್ನೂರು ದಾಟಬಾರದು ಎಂದು ಕಾಯಿದೆ ಹೇಳುತ್ತದೆಂದು ಅವನೇ ಅವಳಿಗೆ ತಿಳಿಸಿದ್ದ. ಅವಳು ಅದನ್ನು ತನಗೂ ಗಾಳಿಗೂ ಆದ ಕರಾರಿನಂತೆ ಹಿಡಿದುಕೊಂಡಿದ್ದಳು. “ಇನ್ನೂರಕ್ಕ ಇಳೀತಂದ್ರ ಆ ರವಿವಾರನ ನಾ ನಿನ್ನ ಜೋಡಿ ಬಂದಬಿಡ್ತೀನಿ. ಅವ್ವ ಹಿಂದಿಂದ ಬರಲಿ.”

ಒಂದು ಸಲ ಇಳಿಯಿತು. ಎರಡನೆಯ ವರ್ಷದ ಜುಲೈಯಲ್ಲಿ ಮಳೆ ಹಿಡಿದಿತ್ತು, ಭಟ್ಟಿ ರಿಪೇರಿಗೆ ನಿಂತಿತ್ತು. ಅಂಕಿ ನೂರಾ ಎಂಬತ್ತೆಂಟು. ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡವನು ಸೇತುವೆಯ ಮೇಲೆ ಹೇಳಿಬಿಟ್ಟ. ಹುಡುಗಿ ಮನೆಗೆ ಓಡಿ ಚೀಲ ತುಂಬಿಟ್ಟಳು. ಶಿವಗಂಗವ್ವ ಗಂಡನ ಮುಖ ನೋಡಿ, “ನಿಮಗೆಲ್ಲೆರ ಬುದ್ಧಿ ಅದ ಏನ್ರಿ?” ಎಂದಳು. ಮುಂದಿನ ವಾರ ನಾಲ್ಕುನೂರಾ ಮೂವತ್ತು. ತುಂಬಿಟ್ಟ ಚೀಲ ಒಂದು ತಿಂಗಳು ಬಾಗಿಲ ಸಂದಿಯಲ್ಲೇ ಇತ್ತು. ಆಮೇಲೆ ಯಾರು ಬಿಚ್ಚಿದರೋ, ಅವನು ಕೇಳಲಿಲ್ಲ.

ಆ ವರ್ಷ ದಸರೆಯ ಖಂಡೇ ಪೂಜೆ ಯಂತ್ರ ತಿರುಗುವ ದಿನವೇ ಬಂತು.

ಅನ್ನ ಕೊಡುವ ಸಾಮಾನಿಗೆ ಆ ದಿನ ಪೂಜೆ ಆಗಲೇಬೇಕು. ಬುದ್ಧಿ ಬಂದಾಗಿನಿಂದ ಸಿದ್ದಲಿಂಗಪ್ಪ ಅದನ್ನು ತಪ್ಪಿಸಿದವನಲ್ಲ. ಊರಲ್ಲಿ ಕೂರಿಗೆ, ಕುಡಗೋಲು. ಇಲ್ಲಿ ಸೈಕಲ್ಲು, ಪೆನ್ನು, ಆಫೀಸಿನ ವಹಿ. ಈ ಸಲ ಅವನು ಗೂಟದ ಮೇಲಿದ್ದ ರೊಟ್ಟಿಯ ಹಂಚನ್ನೂ ಇಳಿಸಿ ತೊಳೆದ. ಎಲ್ಲಕ್ಕೂ ವಿಭೂತಿ ಎಳೆದು, ಹೂ ಏರಿಸಿ, ಕೊನೆಗೆ ತಟ್ಟೆ ಹಿಡಿದು ಮಾಳಿಗೆ ಹತ್ತಿದ. ಮಗಳನ್ನು ಮನೆಗೆ ಕರೆತರುವ ಸಾಮಾನು ಅದೊಂದೇ. ಅದಕ್ಕೆ ಪೂಜೆ ಮಾಡದೆ ಸೈಕಲ್ಲಿಗೆ ಮಾಡಿದರೆ ಯಾವ ನ್ಯಾಯ?

ಯಂತ್ರ ತಿರುಗುತ್ತಿತ್ತು. ನಿಲ್ಲಿಸಬಾರದು ಎಂದು ಮಾಸ್ತರರ ಅಪ್ಪಣೆ, ಅವನು ನಿಲ್ಲಿಸಲಿಲ್ಲ. ತಗಡಿನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದ. ಐದು ಊದಿನಕಡ್ಡಿ ಹಚ್ಚಿದ. ಕರ್ಪೂರದ ತಟ್ಟೆ ಎತ್ತಿ ಬೆಳಗಿದ. ಊದಿನಕಡ್ಡಿಯಿಂದ ಏಳುವುದು ಅವನ ಪಾಲಿಗೆ ಹೊಗೆಯಾಗಿರಲಿಲ್ಲ. ಹೊಗೆ ಎಂದರೆ ಬಯಲಿನಾಚೆಯದು, ಇದು ಧೂಪ. ಯಂತ್ರ ಅದನ್ನು ಎಳೆಯೆಳೆಯಾಗಿ ಒಳಗೆ ಸೆಳೆದುಕೊಳ್ಳುವುದನ್ನು ಕಂಡು ಅವನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಷ್ಟು ದೇವರ ಮುಂದೆ ಧೂಪ ಹಾಕಿದ್ದ. ಕಣ್ಣೆದುರಿಗೇ ಹೀಗೆ ಸ್ವೀಕರಿಸಿದ ದೇವರು ಇದೊಂದೇ.

ಕೆಳಗಿಳಿದು, ಕೈ ಒರೆಸಿ, ವಹಿ ತೆಗೆದು ಷರಾ ಬರೆದ.

ಮಂಡಳಿಯ ಕಚೇರಿಯಲ್ಲಿ ವಿಚಾರಣೆ ನಡೆದದ್ದು ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ. ಸಮಿತಿಯ ಹನ್ನೊಂದೂ ಜನ ಇಸ್ತ್ರಿಯ ಬಟ್ಟೆಯಲ್ಲಿ ಬಂದಿದ್ದರು. ಮೇಜಿನ ಮೇಲೆ ಸಿದ್ದಲಿಂಗಪ್ಪನ ನಾಲ್ಕು ವಹಿಗಳು, ಮುನ್ನೂರು ಕಾಗದಗಳ ತೂಕದ ಪಟ್ಟಿ. ಭಟ್ಟಿ ನಿಲ್ಲಿಸುವ ಆದೇಶ ಅವತ್ತೇ ಆಗಬಹುದೆಂದು ಮಾಸ್ತರರು ಹೇಳಿದ್ದರು. ಹಿಂದಿನ ದಿನ ಸಿದ್ದಲಿಂಗಪ್ಪ ಮನೆಗೆ ಸುಣ್ಣ ಹಚ್ಚುವವನನ್ನು ಕರೆದು ಮಾತಾಡಿದ್ದ.

ಭಟ್ಟಿಯ ಕಡೆಯ ವಕೀಲ ಅಂಕಿಗಳ ತಂಟೆಗೇ ಹೋಗಲಿಲ್ಲ. ತಿಂಗಳ ಮೊದಲೇ ಮಂಡಳಿಗೆ ಒಪ್ಪಿಸಿದ್ದ ಆ ವಹಿಗಳಲ್ಲೊಂದರಲ್ಲಿ ತಾನು ಗುರುತಿಟ್ಟ ಪುಟ ತೆಗೆದು, ಈ ಕಾಲಮ್ಮಿನಲ್ಲಿರುವುದನ್ನು ಓದಲು ಒಬ್ಬರನ್ನು ಕರೆತಂದಿದ್ದೇನೆ ಎಂದ. ಒಳಗೆ ಬಂದವನು ತನಿಯಪ್ಪ. ಹಡಪಸರದ ನಾಕಾದ ಹತ್ತಿರ ಹೋಟೆಲು ನಡೆಸುವ ಉಡುಪಿ ಕಡೆಯವನು. ಸಿದ್ದಲಿಂಗಪ್ಪ ಹತ್ತು ವರ್ಷ ಅಲ್ಲಿ ಚಹ ಕುಡಿದಿದ್ದ. ಭಟ್ಟಿಗೆ ದಿನಕ್ಕೆ ಎರಡು ಹೊತ್ತು ಚಹ ಹೋಗುತ್ತಿದ್ದದ್ದೂ ಅಲ್ಲಿಂದಲೇ. ತನಿಯಪ್ಪ ಯಾರ ಕಡೆಗೂ ನೋಡದೆ ಕನ್ನಡಕ ಏರಿಸಿ ಓದಿದ, ಓದಿದ್ದನ್ನು ಮರಾಠಿಯಲ್ಲಿ ಹೇಳಿದ:

“ಇಂದು ಖಂಡೇ ಪೂಜೆ. ಯಂತ್ರ ನಿಲ್ಲಿಸಲಿಲ್ಲ. ತಿರುಗುತ್ತಿರುವಾಗಲೇ ವಿಭೂತಿ ಹಚ್ಚಿ, ಊದಿನಕಡ್ಡಿ ಐದು, ಕರ್ಪೂರ ಒಂದು, ಬೆಳಗಿದೆ. ಧೂಪವೆಲ್ಲ ಒಳಗೆ ಹೋಯಿತು.”

ಅದರ ಕೆಳಗೆ ಇನ್ನೊಂದು ಸಾಲಿತ್ತು. ತನಿಯಪ್ಪ ಅದನ್ನು ಓದದೆ ವಹಿ ಮುಚ್ಚಿ, ಕೂತುಬಿಟ್ಟ.

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ. ವಯಸ್ಸಾದ, ಸೌಮ್ಯ ಮನುಷ್ಯ. ಸಿದ್ದಲಿಂಗಪ್ಪನ ಕಡೆಗೆ ತಿರುಗಿ, ಮುನ್ನೂರರಲ್ಲಿ ಒಂದು ದಿನ ಬಿಟ್ಟರೆ ನಷ್ಟವಿಲ್ಲ, ಇದು ಆ ಒಂದೇ ದಿನ ಆದದ್ದು ತಾನೆ ಎಂದು ಮೃದುವಾಗಿ ಕೇಳಿದರು. ಮಾಸ್ತರರು ಮೇಜಿನ ಕೆಳಗೆ ಸಿದ್ದಲಿಂಗಪ್ಪನ ಮೊಣಕಾಲು ಒತ್ತಿದರು. ಆ ಒತ್ತಿನ ಅರ್ಥ ಅವನಿಗೆ ತಿಳಿಯಲಿಲ್ಲ. ಧೈರ್ಯವಾಗಿ ಹೇಳು ಎನ್ನುತ್ತಿದ್ದಾರೆಂದುಕೊಂಡ. ಯಂತ್ರವನ್ನು ತಾನು ಎಷ್ಟು ಶುದ್ಧವಾಗಿ ನೋಡಿಕೊಂಡೆನೆಂದು ಹೇಳುವ ಸಂದರ್ಭ ಮೂರು ವರ್ಷಗಳಲ್ಲಿ ಇದೇ ಮೊದಲು ಬಂದಿತ್ತು. ಅವನು ಎದ್ದು ನಿಂತು ಕೈಮುಗಿದ.

“ಇಲ್ಲ ಸಾಹೇಬ್ರ. ಪ್ರತಿ ಅಮಾವಾಸ್ಯೆಗೂ ಮಾಡಿದ್ದೇನೆ,” ಎಂದ ತನ್ನ ಆಫೀಸಿನ ಮರಾಠಿಯಲ್ಲಿ. “ಒಂದು ದಿನವೂ ಅಶುದ್ಧ ಕೈಯಿಂದ ಮುಟ್ಟಿಲ್ಲ. ಮಗಳಿಗೆ ಆರಾಮ ಇಲ್ಲ ಎಂದು ದೌಂಡದಿಂದ ಸುದ್ದಿ ಬಂದ ದಿನಗಳಲ್ಲೂ ಒಂದು ಊದಿನಕಡ್ಡಿ ಹಚ್ಚುತ್ತಿದ್ದೆ.”

“ಅಂಥ ದಿನಗಳು ಎಷ್ಟು?”

“ಅವನ್ನು ಬರೆದಿಟ್ಟಿಲ್ಲ. ಅದು ಮನೆಯ ಮಾತು, ಸಾಹೇಬ್ರ.”

ಹೇಳುತ್ತಿದ್ದಂತೆಯೇ ಅವನು ಮಾಸ್ತರರ ಮುಖ ನೋಡಿದ. ಆಗ ತಿಳಿಯಿತು. ಮೊಣಕಾಲಿನ ಮೇಲಿದ್ದ ಕೈ ಸರಿದಿತ್ತು. ವಕೀಲನಿಗೆ ಇನ್ನೇನೂ ಹೇಳುವ ಅಗತ್ಯ ಬೀಳಲಿಲ್ಲ. ಯಾವ ಕಾಗದದ ಮೇಲೆ ಭಟ್ಟಿಯ ಮಸಿ, ಯಾವ ಕಾಗದದ ಮೇಲೆ ದೇವರ ಮಸಿ ಎಂದು ಯಾರು ಬೇರ್ಪಡಿಸುತ್ತಾರೆ ಎಂದಷ್ಟೇ ಕೇಳಿ ಕೂತ. ಅಧಿಕಾರಿ ವಹಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಆಮೇಲೆ ಅರ್ಜಿ ವಜಾ ಎಂದು ಬರೆಸಿದರು. ಹೊಸದಾಗಿ ಅಳೆದು ತಂದರೆ ನೋಡೋಣ ಎಂದರು.

ಹೊರಗೆ ಬಂದಾಗ ಸಮಿತಿಯ ಒಬ್ಬ, “ಏನಪಾ ಪೂಜಾರಿ, ಪ್ರಸಾದ ಛಲೋ ಹಂಚಿದಿ” ಎಂದ. ಮಾಸ್ತರರು ಅವನನ್ನು ಗದರಿ ಸಿದ್ದಲಿಂಗಪ್ಪನ ಹತ್ತಿರ ಬಂದರು. ಚಿಟಿಕೆ ಧೂಪದಿಂದ ಐದನೂರು ಆಗೋದಿಲ್ಲ, ಅದು ನನಗೆ ಗೊತ್ತು, ಆ ಸಾಹೇಬರಿಗೂ ಗೊತ್ತು ಎಂದರು. “ನಿಲ್ಲಿಸಬ್ಯಾಡ ಅಂದೆ, ಬೀಡಿ ಬ್ಯಾಡ ಅಂದೆ. ಪೂಜಿ ಬ್ಯಾಡ ಅನ್ನೋದು ನನಗ ಹೊಳೀಲಿಲ್ಲೋ, ಸಿದ್ದಲಿಂಗಪ್ಪಾ. ತಪ್ಪು ನಂದು” ಎಂದು ಅವನ ಹೆಗಲು ತಟ್ಟಿದರು.

ಬೈದಿದ್ದರೆ ಚೆನ್ನಾಗಿತ್ತು.

ಆ ರವಿವಾರ ಸೇತುವೆಯ ಮೇಲೆ ಅವನು ಮಗಳಿಗೆ ಎಲ್ಲವನ್ನೂ ಹೇಳಿದ. ಅವಳಿಗೆ ಹದಿನಾಲ್ಕು. ಕೆಳಗೆ ಎಂಜಿನ್ನೊಂದು ಹಳಿ ಬದಲಿಸುತ್ತಿತ್ತು. ಅವಳು ಕಂಬಿ ಹಿಡಿದು ಅದನ್ನೇ ನೋಡುತ್ತ ಕೇಳಿದಳು:

“ಹಂಗಾರ ಇನ್ನ ನಂಬರ್ ಇರೂದಿಲ್ಲೇನಪ್ಪಾ?”

“ಮತ್ತ ಅಳೀತೀವವ್ವಾ.”

“ಹೂಂ,” ಎಂದಳು ಮಾಧುರಿ. ಅದು ಒಪ್ಪಿದ ಹೂಂ ಆಗಿರಲಿಲ್ಲ. ಮನೆಯಲ್ಲಿ ಶಿವಗಂಗವ್ವ ತಾಟು ಹಾಕಿ, ಗಂಡ ಎರಡು ತುತ್ತು ತಿಂದ ಮೇಲೆ ಕೇಳಿದಳು: “ಅಮಾಸಿದು ಹೇಳದಿದ್ರ ಏನಾಗತಿತ್ತು?”

“ಕೇಳಿದ್ರಲ್ಲ.”

“ಕೇಳಿದ್ರು. ಹೌದು, ಅದೊಂದ ದಿನ ಅನ್ನಾಕ ನಿಮಗ ಎಷ್ಟೊತ್ತು ಬೇಕಿತ್ತು?”

ಅವನು ತಾಟಿನಿಂದ ಎದ್ದು ಕೈ ತೊಳೆದ. ಅವಳು ಮುಂದೆ ಕೇಳಲಿಲ್ಲ. ಆಮೇಲಿನ ವರ್ಷಗಳಲ್ಲೂ ಆ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದು ಮನೆಯಲ್ಲಿ ಒಂದು ಸಾಮಾನಿನಂತೆ ಜಾಗ ಹಿಡಿದುಕೊಂಡಿತು.

ಮತ್ತೆ ಅಳೆಯಲಾಗಲಿಲ್ಲ. ಮೂರು ವರ್ಷ ದುಡಿದ ಯಂತ್ರದ ಮೋಟಾರು ಏಪ್ರಿಲ್‌ನಲ್ಲಿ ಸುಟ್ಟಿತು. ಸಮಿತಿಯ ಹನ್ನೊಂದು ಜನ ಏಳಾದರು, ಮೂವರಾದರು. ಮಾಸ್ತರರಿಗೆ ಪಾರ್ಶ್ವವಾಯು ಬಡಿಯಿತು. ಭಟ್ಟಿಗೆ ಎರಡನೆಯ ಚಿಮಣಿ ಬಂತು. ತನಿಯಪ್ಪನ ಹೋಟೆಲಿನ ಮುಂದೆ ಹಾದುಹೋಗಬಾರದೆಂದು ಸಿದ್ದಲಿಂಗಪ್ಪ ಆಫೀಸಿಗೆ ಸುತ್ತುದಾರಿ ಹಿಡಿದ. ಸೈಕಲ್ಲಿಗೆ ಪೂಜೆ ಮಾಡುವುದನ್ನು ಬಿಟ್ಟ. ಸೋಮವಾರ ಮತ್ತು ಗುರುವಾರ ಬೆಳಗಿನ ಆರಕ್ಕೆ ಎಚ್ಚರವಾಗುವುದು ಮಾತ್ರ ಬಿಡಲಿಲ್ಲ. ಎದ್ದು ಕೂತು ಹಿತ್ತಾಳೆ ಡಬ್ಬಿಗಳ ಕಡೆ ನೋಡುತ್ತಿದ್ದ. ಅವು ಸುಮ್ಮನಿರುತ್ತಿದ್ದವು.

ನಾಲ್ಕು ವರ್ಷ ಹೀಗೆ ಕಳೆದು, ಲಾರಿ ಕಚೇರಿಗೆ ಕಂಪ್ಯೂಟರು ಬಂದಾಗ ಅವನನ್ನು ಮನೆಗೆ ಕಳಿಸಿದರು. ಅವನು ಮನೆಗೆ ಬೀಗ ಹಾಕಿ ದೌಂಡಕ್ಕೆ ಹೋದ. ಮಗಳು ಮನೆಗೆ ಬರದಿದ್ದರೆ ಬೇಡ, ತಾನೇ ಮಗಳಿದ್ದಲ್ಲಿಗೆ ಹೋದರಾಯಿತು. ಇಷ್ಟು ಸಣ್ಣ ಮಾತು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಗಾಡಿಯಲ್ಲಿ ಕೂತಾಗ ನಗು ಕೂಡ ಬಂತು. ಮಾಧುರಿಗೆ ಹದಿನೆಂಟು. ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ದೀಪಾವಳಿಯ ತನಕ ಎಲ್ಲ ಚೆನ್ನಾಗಿತ್ತು.

ದೀಪಾವಳಿ ಮುಗಿದ ಮೇಲೆ ಸುತ್ತಲಿನ ಕಬ್ಬು ಕಡಿಯತೊಡಗಿದರು. ಆ ಸೀಮೆಯಲ್ಲಿ ಕಬ್ಬು ವರ್ಷವರ್ಷಕ್ಕೆ ಹೆಚ್ಚಿ, ರೈಲಿನ ಹಳಿಯ ತನಕ ಬಂದು ನಿಂತಿತ್ತು. ಕಡಿದ ಹೊಲದಲ್ಲಿ ಉಳಿದ ರವದಿಗೆ, ಒಣಗಿದ ಸೋಗೆಗೆ, ಬೆಂಕಿ ಇಡುತ್ತಾರೆ. ಒಂದು ಸಂಜೆ ನಾಲ್ಕೂ ದಿಕ್ಕಿಗೆ ಹೊಗೆ ಎದ್ದಿತು. ಬೆಳಿಗ್ಗೆ ಅಂಗಳದ ಹಗ್ಗದ ಮೇಲಿನ ಧೋತರದಲ್ಲಿ ಕರಿ ನೂಲಿನಂಥ ಬೂದಿ ಕೂತಿತ್ತು. ಸಿದ್ದಲಿಂಗಪ್ಪ ಅದನ್ನು ಬೆರಳಿನಿಂದ ಎತ್ತಿ ನೋಡಿದ. ಒಳಗಿನಿಂದ ದನಿ ಕೇಳಿಸಿತು. ದುಂಬಿ. ಆಮೇಲೆ ಸಿಳ್ಳು.

“ಅಪ್ಪಾ,” ಎಂದಳು ಮಾಧುರಿ, ಗೋಡೆಗೆ ಒರಗಿ, ಉಸಿರಿನ ನಡುವೆ ಜಾಗ ಹುಡುಕಿಕೊಂಡು, ನಗುತ್ತ. “ಬರೂಮುಂದ... ಗಂಟಿನ್ಯಾಗ ನಿನ್ನ ಹೊಗೀನೂ ಕಟಗೊಂಡು ಬಂದೀ ಏನು?”

ಅಣಕಿಸಲು ಹೇಳಿದ್ದು. ಅವನು ಅಂಗಳಕ್ಕೆ ಹೋಗಿ ಧೋತರ ಕೊಡವಿದ, ಮತ್ತೆ ಕೊಡವಿದ. ಕಬ್ಬು ಯಾರ ಭಟ್ಟಿಯೂ ಅಲ್ಲ, ಅದರ ಮೇಲೆ ಯಾರಿಗೆ ಅರ್ಜಿ ಕೊಡುವುದು? ಸುತ್ತಲಿನ ಅಷ್ಟು ಮನೆಗಳೂ ಅದನ್ನೇ ತಿಂದು ಬದುಕುತ್ತಿದ್ದವು. ದೌಂಡದ ಡಾಕ್ಟರು ಎದೆಯ ಚಿತ್ರ ಬೆಳಕಿಗೆ ಹಿಡಿದು, ಇದು ಇಲ್ಲಿ ಹಿಡಿದದ್ದಲ್ಲ, ಸಣ್ಣಂದಿನಲ್ಲೇ ಒಳಗೆ ಹೋಗಿ ಕೂತದ್ದು, ಇನ್ನು ಬಾಯಿಗೆ ಹೊಡೆದುಕೊಳ್ಳುವ ಪಂಪು ಜೀವಮಾನವಿಡೀ ಎಂದ. ಅದಕ್ಕಿಂತ ದೂರ ಎಲ್ಲಿಗೆ ಹೋಗುವುದೆಂದು ಕೇಳಿದರೆ, ಹೋಗಿ ಏನು ಮಾಡುತ್ತೀರಿ ಎಂದ.

ಎರಡು ಸುಗ್ಗಿ ಕಳೆದವು. ಪಂಪು ಹಡಪಸರದ ಹಳೆಯ ಅಂಗಡಿಯಲ್ಲೇ ಖಾತ್ರಿಯಾಗಿ ಸಿಗುತ್ತದೆಂದು ತಿಂಗಳಿಗೊಮ್ಮೆ ಸಿದ್ದಲಿಂಗಪ್ಪ ಶಟಲ್ ಹತ್ತಿ ಬರುತ್ತಿದ್ದ. ಎರಡು ಸಾವಿರದ ಐದರ ನವೆಂಬರಿನಲ್ಲಿ ಹಾಗೆ ಬರುವಾಗ ಚೀಲದಲ್ಲಿ ನಾಲ್ಕು ಹಳೆಯ ವಹಿಗಳಿದ್ದವು. ಪಂಢರಿನಾಥ ಮಾಸ್ತರರ ಮೊಮ್ಮಗಳು ಸ್ನೇಹಲ್ ಫೋನು ಮಾಡಿ ಬೇಡಿದ್ದಳು. ಮಾಸ್ತರರು ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗಿ ಹೊಸ ಸಮಿತಿ ಕಟ್ಟಿದ್ದಳು. ಎಲ್ಲಿ ಕೂಡೋಣ ಕಾಕಾ ಎಂದು ಕೇಳಿದವಳೇ ತನಿಯಪ್ಪನ ಹೋಟೆಲೆಂದು ಹೇಳಿದಳು. ಆ ಹೋಟೆಲಿನ ಮಾಳಿಗೆಯ ಮೇಲೆಯೇ ಹೊಸ ಯಂತ್ರ ಕೂತಿದೆಯಂತೆ.

ಆರು ವರ್ಷಗಳ ಮೇಲೆ ಆ ಮೆಟ್ಟಿಲು ಹತ್ತಿದ. ತನಿಯಪ್ಪ ದುಡ್ಡಿನ ಗಲ್ಲಾ ಬಿಟ್ಟು ತಾನೇ ಎದ್ದು ಬಂದ. ತಲೆ ಪೂರಾ ಬೆಳ್ಳಗಾಗಿತ್ತು.

“ಕೂತ್ಕೊಳ್ಳಿ ಮಾರಾಯ್ರೆ. ನನ್ನ ಚಾದಲ್ಲಿ ವಿಷ ಇಲ್ಲ.”

ಚೀಲ ಕೊಟ್ಟ ಕೂಡಲೇ ಸ್ನೇಹಲ್ ವಹಿಗಳನ್ನು ಬಿಚ್ಚಿ ಕೂತಳು. ಪುಟ ಹೊರಳಿಸುತ್ತ, “ಅಬ್ಬಾ ಕಾಕಾ, ಎಷ್ಟ ಸಾಫ್ ಬರದೀರಿ! ಈ ಕಡೀ ಕಾಲಮ್ಮಿನ್ಯಾಗ ಏನದ? ನನಗ ಕನ್ನಡ ವಾಚತಾ ಯೇತ ನಾಹಿ. ತನಿಯಪ್ಪ ಅಣ್ಣಾ, ನೀವರ ಓದ್ರಲ್ಲ?” ಎಂದಳು.

“ನಾನು ಓದುದಿಲ್ಲ, ಮಾರಾಯ್ತಿ,” ಎಂದ ತನಿಯಪ್ಪ. ಕಪ್ಪನ್ನು ಸಿದ್ದಲಿಂಗಪ್ಪನ ಮುಂದೆ ಸರಿಸಿ, ದನಿ ತಗ್ಗಿಸಿದ. “ಅವತ್ತು ನಾನೊಂದು ಸಾಲು ಬಿಟ್ಟೆ. ಗೊತ್ತುಂಟಾ ನಿಮಗೆ?”

“ಗೊತ್ತದರಿ.” ‘ಮಾಧುರಿ ಮನೆಗೆ ಬರಲಿ.’ ಆ ಪುಟ, ಆ ಸಾಲು, ಶಾಯಿ ಎಲ್ಲಿ ಸ್ವಲ್ಪ ಹರಡಿದೆ ಎಂಬುದು ಕೂಡ ಅವನಿಗೆ ಗೊತ್ತಿತ್ತು.

“ಒಂದು ಬಿಟ್ಟವ ಇನ್ನೆರಡು ಬಿಟ್ಟಿದ್ರೆ ಆಗ್ತಿತ್ತು. ಆ ಕರಿ ಕೋಟಿನ ವಕೀಲ ಎದುರು ನಿಂತಿದ್ದ, ಬುದ್ಧಿ ಓಡ್ಲಿಲ್ಲ.”

“ನೀವು ಬಿಟ್ಟಿದ್ರೂ ನಾನ ಹೇಳತಿದ್ದೆರಿ,” ಎಂದ ಸಿದ್ದಲಿಂಗಪ್ಪ. ಚಹಕ್ಕೆ ಕೈ ಹಚ್ಚಲಿಲ್ಲ.

ಸ್ನೇಹಲ್‌ಗೆ ಇದಾವುದೂ ಕೇಳಿಸಲಿಲ್ಲ. ಅವಳು ಹೊಸ ಯಂತ್ರದ ಬಗ್ಗೆ ಹೇಳತೊಡಗಿದ್ದಳು. ಕಾಗದ ಇಲ್ಲ, ತೂಗುವುದಿಲ್ಲ, ತಾಸಿಗೊಮ್ಮೆ ತಾನೇ ಅಂಕಿ ಬರೆದುಕೊಳ್ಳುತ್ತದೆ. ಈ ಸಲ ಭಟ್ಟಿಯವರು ಏನು ಬಾಯಿ ತೆಗೆಯುತ್ತಾರೆ ನೋಡೋಣ. ಅವಳ ಕಣ್ಣುಗಳು ಅಜ್ಜನವೇ. ಹಳೆಯ ಸೋಲಿನ ಬಗ್ಗೆ ಅಜ್ಜ ಅವಳಿಗೆ ಏನು ಹೇಳಿದ್ದರೋ. ಯಾರ ಹೆಸರನ್ನೂ ಹೇಳಿರಲಿಲ್ಲವೆಂಬುದು ಮಾತ್ರ ಸ್ಪಷ್ಟವಿತ್ತು.

“ಶನಿವಾರ ಉದ್ಘಾಟನಾ ಅದ ಕಾಕಾ. ನೀವು ಬರಲಿಕ್ಕೇ ಬೇಕು. ಪೇಪರಿನವರು ಬರತಾರ. ನಾರಳ ಒಡದು, ಹಾರ ಹಾಕಿ, ಮಸ್ತ್ ಧೂಪ-ಬಿಪ ಹಾಕಿ... ಮತ್ತ ಆರತಿ ನಿಮ್ಮ ಕೈಲೇ ಆಗಬೇಕಂತ ಎಲ್ಲಾರೂ ಠರಾವು ಮಾಡೀವಿ. ಹಳೇ ಮಂದಿಯೊಳಗ ನೀವ ಒಬ್ಬರ ಉಳದೀರಿ.”

ತನಿಯಪ್ಪ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟ.

“ಆವಾಗ ಮಶೀನು ಚಾಲೂ ಇರತದೇನವ್ವಾ?” ಎಂದ ಸಿದ್ದಲಿಂಗಪ್ಪ.

“ಹೌದ್ರಿ ಮತ್ತ! ಮೊದಲ ಬಟನ್ ಒತ್ತೋದು, ಆಮ್ಯಾಲ ಅದರ ಮುಂದ ಆರತಿ. ಫೋಟೋದಾಗ ನಂಬರ್ ಕಾಣಬೇಕಲ್ಲ. ಯಾಕ ಕಾಕಾ?”

ಸಿದ್ದಲಿಂಗಪ್ಪ ಅವಳನ್ನು ನೋಡಿದ. ಬೇಡವೆನ್ನಬೇಕಾದರೆ ಅಜ್ಜ ಹೇಳದ ಹೆಸರನ್ನು ತಾನೇ ಹೇಳಬೇಕಿತ್ತು. ಅಂದು ವಿಭೂತಿ ಎಳೆದ ತನ್ನ ಬಲಗೈಯ ಮೂರು ಬೆರಳುಗಳನ್ನು ಒಮ್ಮೆ ನೋಡಿಕೊಂಡ. ಪಂಪಿನ ಡಬ್ಬಿ ಅಂಗಿಯ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿ, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇರುಕಿಕೊಂಡು ಎದ್ದ.

“ಕಾಕಾ, ಚಹಾ ಹಂಗ ಅದಲ್ಲ... ವಹಿ ನಿಮ್ಮವು ಇಲ್ಲೇ... ಶನಿವಾರ ಎಷ್ಟಕ್ಕ ಗಾಡಿ ಕಳಸಲಿ ಹೇಳ್ರಿ? ಕಾಕಾ?”

ಅವನು ಮೆಟ್ಟಿಲಿಳಿದು, ಲಾರಿಗಳು ಎಬ್ಬಿಸಿದ ಧೂಳಿನೊಳಗೆ ಸ್ಟೇಶನ್ನಿನ ಕಡೆ ನಡೆದ. ಹಿಂದಿನಿಂದ ಹುಡುಗಿ ತನಿಯಪ್ಪನನ್ನು ಕೇಳುತ್ತಿದ್ದಳು: “ಅಣ್ಣಾ, ನಾ ಏನರ ತಪ್ಪು ಅಂದೆ ಏನ್ರಿ?”